ಯಜಮಾನರ ಬಿಪಿ

ಕೊಳಾಲದಿಂದ ಎರಡು ಮೈಲಿ ಆಚೆಗಿರುವ ಆ ಊರಲ್ಲಿ ಲೈನ್‌ಮ್ಯಾನ್ ಗಂಗಹನುಮಯ್ಯನ ಮನೆ ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಿದ್ದರು. ಕರೆಂಟು ಇಲಾಖೆಯಿಂದ ನಿವೃತ್ತನಾಗಿ ಆರು ವರ್ಷವಾಗಿದ್ದರೂ ಹೆಸರಿಗೆ ಅಂಟಿದ ಲೈನ್‌ಮ್ಯಾನ್ ಹೋಗಿರಲಿಲ್ಲ. ನಿವೃತ್ತನಾದ ವರ್ಷವೇ ಅವನಿಗೆ ಬಿಪಿ ಇರುವುದು ಗೊತ್ತಾದದ್ದು. ಅಂದಿನಿಂದ ಮನೆಗೆ ಇನ್ನೊಬ್ಬ ಹಿರಿಯ ಬಂದು ಕೂತ ಹಾಗೆ ಆಗಿತ್ತು. ಟೀವಿ ಎಷ್ಟು ಜೋರಾಗಿ ಇಡಬೇಕು, ಯಾರ ಮನೆ ಮದುವೆಗೆ ಹೋಗಬೇಕು, ಯಾವ ಸುದ್ದಿಯನ್ನು ಊಟಕ್ಕೆ ಮುಂಚೆ ಎತ್ತಬಾರದು, ಎಲ್ಲವನ್ನೂ ಯಜಮಾನರ ಬಿಪಿಯೇ ತೀರ್ಮಾನ ಮಾಡುತ್ತಿತ್ತು.

ಹೆಂಡತಿ ಕೊಲ್ಲಾಪುರಮ್ಮ ದಿನಾ ಎರಡು ಪಾತ್ರೆಯಲ್ಲಿ ಸಾರು ಕಾಯಿಸುತ್ತಿದ್ದಳು. ಗಂಡನಿಗೆ ಉಪ್ಪು ಕಮ್ಮಿಯದು ಒಂದು, ಮಗ ಸೊಸೆಗೆ ಒಂದು. ಎಲ್ಲರೂ ಉಂಡೆದ್ದ ಮೇಲೆ ಅವಳು ಕೂರುವ ಹೊತ್ತಿಗೆ ಎರಡು ಪಾತ್ರೆಯೂ ತಳ ಕಾಣುತ್ತಿದ್ದವು. ಮುದ್ದೆಗೆ ಮಾವಿನಕಾಯಿ ಉಪ್ಪಿನಕಾಯಿ ಇಲ್ಲವೆ ಉಪ್ಪಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ ನಂಚಿಕೊಂಡು ಊಟ ಮುಗಿಸುತ್ತಿದ್ದಳು. ಆಮೇಲೆ ಎಲೆಯಡಿಕೆ, ಒಂದು ಚೂರು ಹೊಗೆಸೊಪ್ಪು. ಹಿಂದಲೆ ನೋಯುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಸೆರಗನ್ನು ಹಣೆಗೆ ಬಿಗಿದುಕೊಂಡು ಕೆಲಸ ಮಾಡುತ್ತಿದ್ದಳು. ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಮಗ ಪ್ರಸನ್ನ ಕುಮಾರ್ ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಅಪ್ಪನಿಗೆಂದು ಬಿಪಿ ನೋಡುವ ಮಿಶಿನ್ ತಂದುಕೊಟ್ಟಿದ್ದ. ದಿನಾ ಬೆಳಿಗ್ಗೆ ಗಂಗಹನುಮಯ್ಯ ನಡುಮನೆಯ ಕುರ್ಚಿಯ ಮೇಲೆ ತೋಳು ಚಾಚಿ ಕೂರುತ್ತಿದ್ದ. ಕೊಲ್ಲಾಪುರಮ್ಮ ಕೈ ಒರೆಸಿಕೊಂಡು ಬಂದು ಪಟ್ಟಿ ಕಟ್ಟುತ್ತಿದ್ದಳು. ಕಟ್ಟಿ ಮುಗಿದ ಕೂಡಲೇ, "ಹೋಗು ಆಚೆ. ನೀನು ಎದುರಿಗಿದ್ರೆ ಏರ್ತೈತೆ" ಎನ್ನುತ್ತಿದ್ದ. ಮಿಶಿನ್ ಏನು ತೋರಿಸಿತು ಅನ್ನುವುದು ಅವನೊಬ್ಬನಿಗೇ ಗೊತ್ತು. ಅವನಿಗೆ ಬೇಡದ್ದೇನಾದರೂ ಮನೆಯಲ್ಲಿ ನಡೆಯುವುದಿದ್ದ ದಿನ ಮಾತ್ರ ಹೊರಗೆ ಬಂದು, "ಇವತ್ತು ಬಲೇ ಜಾಸ್ತಿ ಐತೆ" ಎಂದು ಹೇಳಿ ಮಂಚ ಹಿಡಿಯುತ್ತಿದ್ದ. ಮನೆಯವರು ಪಿಸುಮಾತಿಗೆ ಇಳಿಯುತ್ತಿದ್ದರು.

ಕೊಲ್ಲಾಪುರಮ್ಮನ ತವರು ಮಧುಗಿರಿ ತಾಲ್ಲೂಕಿನ ಪುರವರದ ಹತ್ತಿರ. ಅಲ್ಲಿ ಅವಳ ಅಣ್ಣ ಕದಿರಯ್ಯ, ಅವ್ವ ಇದ್ದರು. ಕದಿರಯ್ಯನ ಮಗಳ ಮದುವೆಯ ಲಗ್ನಪತ್ರಿಕೆಯಲ್ಲಿ ಗಂಗಹನುಮಯ್ಯನ ಹೆಸರು ಆ ಮನೆಯ ಕಿರಿಯ ಅಳಿಯನ, ಅಂದರೆ ಅವಳ ತಂಗಿಯ ಗಂಡನ, ಹೆಸರಿನ ಕೆಳಗೆ ಅಚ್ಚಾಗಿತ್ತು. ಅಷ್ಟೇ ಆದದ್ದು. ಅಚ್ಚಿನವನ ತಪ್ಪು ಎಂದು ಕದಿರಯ್ಯ ಮನೆತನಕ ಬಂದು ಕೈ ಮುಗಿದರೂ ಗಂಗಹನುಮಯ್ಯ ಒಪ್ಪಲಿಲ್ಲ. ಆ ಮನೆಯ ಹೊಸಿಲು ಇನ್ನು ತುಳಿಯುವ ಹಾಗಿಲ್ಲ ಎಂದ. ತಾನೂ ತುಳಿಯಲಿಲ್ಲ, ಹೆಂಡತಿಯನ್ನೂ ತುಳಿಯಗೊಡಲಿಲ್ಲ.

ಮೂರು ವರ್ಷದ ಹಿಂದೆ ಅವಳ ಅವ್ವನಿಗೆ ಲಕ್ವ ಹೊಡೆಯಿತೆಂದು ಫೋನು ಬಂತು. ಕೊಲ್ಲಾಪುರಮ್ಮ ಬ್ಯಾಗಿಗೆ ಎರಡು ಸೀರೆ ತುಂಬಿಕೊಂಡು ಚಪ್ಪಲಿ ಮೆಟ್ಟಿದ್ದಳು. ಗಂಗಹನುಮಯ್ಯ ಹಿಂದಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಂಚದ ಮೇಲೆ ಉರುಳಿದ.

"ನೀನು ಆ ಮನೆಗೆ ಹೋದ್ರೆ ನನ್ನ ನರ ಒಡೀತೈತೆ. ಹೋಗು. ಬರೋವಾಗ ನನ್ನ ಹೆಣಕ್ಕೆ ವಿಭೂತಿ ತಗಂಡು ಬಾ."

ಪ್ರಸನ್ನ ಬಾಗಿಲಿಗೆ ಅಡ್ಡ ನಿಂತು, "ಅಮ್ಮ, ಬುಡಮ್ಮ ಈಗ. ಅಜ್ಜೀನ ನೋಡ್ಕಳಕ್ಕೆ ಮಾವ ಅವ್ರೆ. ಅಪ್ಪಂಗೇನಾದ್ರೂ ಆದ್ರೆ ಯಾರು ಗತಿ?" ಎಂದ. ಅವಳು ಚಪ್ಪಲಿ ಬಿಟ್ಟಳು. ಒಂದೆರಡು ವಾರ ಕಳೆದು ಅವ್ವ ತೀರಿಕೊಂಡಳೆಂದು ಮತ್ತೆ ಫೋನು ಬಂದಾಗಲೂ ಅವನು ಹಾಗೇ ಮಂಚದ ಮೇಲೆ ಉರುಳಿದ. ಮಣ್ಣಿಗೂ ಅವಳು ಹೋಗಲಿಲ್ಲ. ಆವತ್ತು ಹಿತ್ತಲ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು, ಸದ್ದು ನಡುಮನೆಗೆ ಕೇಳಿಸಿ ಗಂಡನ ಬಿಪಿ ಏರೀತೆಂದು.

ಈ ವರ್ಷ ಅವಳ ಎಡಗಣ್ಣಿಗೆ ಪೊರೆ ಬಂತು. ಅಕ್ಕಿಯಲ್ಲಿ ಕಲ್ಲು ಕಾಣಿಸದಾಯಿತು. ಬೆಂಗಳೂರಿನ ಕಡೆಯ ಕಣ್ಣಾಸ್ಪತ್ರೆಯವರು ಕೊರಟಗೆರೆಯಲ್ಲಿ ಕ್ಯಾಂಪು ಮಾಡುತ್ತಾರೆ, ಪೊರೆ ತೆಗೆದು ಕನ್ನಡಕವನ್ನೂ ಕೊಡುತ್ತಾರೆ ಎಂದು ಸೊಸೆ ಸ್ಪಂದನಾ ತಿಳಿದುಕೊಂಡು ಬಂದಳು. ಅತ್ತೆ ಸೊಸೆ ಇಬ್ಬರೂ ಹೋದರು.

ಕಣ್ಣು ನೋಡುವುದಕ್ಕೆ ಮುಂಚೆ ಅಲ್ಲಿನ ಸಿಸ್ಟರ್ ಅವಳ ತೋಳಿಗೆ ಪಟ್ಟಿ ಕಟ್ಟಿದಳು. ಕೊಲ್ಲಾಪುರಮ್ಮನಿಗೆ ನಗು ಬಂತು.

"ನಂಗಲ್ಲ ಕಣಮ್ಮ ಬಿಪಿ. ನಮ್ಮ ಯಜಮಾನ್ರಿಗೆ."

ಸಿಸ್ಟರ್ ಮಿಶಿನ್ ನೋಡಿದಳು, ಅವಳ ಮುಖ ನೋಡಿದಳು. "ಸ್ವಲ್ಪ ಹೊತ್ತು ಆ ಬೆಂಚಿನ ಮೇಲೆ ಸುಮ್ನೆ ಕೂತಿರಿ ಅಮ್ಮ, ಇನ್ನೊಂದು ಸಲ ನೋಡ್ತೀನಿ" ಎಂದಳು. ಎರಡನೇ ಸಲವೂ ಅಷ್ಟೇ ಇತ್ತು. ನೂರಾ ತೊಂಬತ್ತು, ಕೆಳಗಿನದು ನೂರಾ ಹತ್ತು. ಈ ಬಿಪಿಯಲ್ಲಿ ಕಣ್ಣಿಗೆ ಕತ್ತರಿ ಹಾಕುವುದಿಲ್ಲ, ಮೊದಲು ಇದನ್ನು ಇಳಿಸಿಕೊಂಡು ಬನ್ನಿ ಎಂದು ಚೀಟಿ ಬರೆದು ಕಳಿಸಿದರು. ಸ್ಪಂದನಾ ಬಸ್ಸಿನಲ್ಲಿ ಅತ್ತೆಯ ಕೈ ಹಿಡಿದುಕೊಂಡೇ ಕೂತಿದ್ದಳು. "ನಿಮಗೆ ತಲೆನೋವು ಬರ್ತಿತ್ತಲ್ಲ ಅತ್ತೆ. ಮಿಶಿನ್ ಮನೇಲೇ ಇತ್ತು. ನಂಗೂ ಹೊಳೀಲಿಲ್ಲ" ಎಂದಳು. ಕೊಲ್ಲಾಪುರಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು. ಚನ್ನರಾಯನದುರ್ಗದ ಬೆಟ್ಟ ಅವಳ ಒಂದು ಕಣ್ಣಿಗೆ ಮಾತ್ರ ಕಾಣಿಸುತ್ತಿತ್ತು.

ಸುದ್ದಿ ಕೇಳಿ ಗಂಗಹನುಮಯ್ಯ ನಕ್ಕ. "ನಿಂಗೇನೆ ಬಿಪಿ? ಒಂದಿನ ದನಿ ಎತ್ತಿ ಮಾತಾಡ್ದೋಳಲ್ಲ. ಬಿಪಿ ಬರೋದು ಕೋಪ ಇರೋರಿಗೆ, ಜವಾಬ್ದಾರಿ ಇರೋರಿಗೆ. ಅವ್ರ ಮಿಶಿನ್ ಕೆಟ್ಟಿರ್ತೈತೆ."

ಅವನ ತಿಂಗಳ ಮಾತ್ರೆ ಮುಗಿದಿತ್ತು. ಆ ವಾರ ಅವನು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೊರಟಾಗ ಸ್ಪಂದನಾ ಅತ್ತೆಯನ್ನೂ ಬಿಡದೆ ಜೊತೆಗೆ ಕಳಿಸಿದಳು.

ಅಲ್ಲಿದ್ದ ಡಾಕ್ಟರ್ ಲಾವಣ್ಯ ವಯಸ್ಸಿನಲ್ಲಿ ಚಿಕ್ಕವಳು, ಮಾತು ನಿಧಾನ. ಕೊಲ್ಲಾಪುರಮ್ಮನನ್ನು ಬೆನ್ನು ಒರಗಿಸಿ ಕೂರಿಸಿ, ಕಾಲು ನೆಲಕ್ಕೆ ಊರಿಸಿ, ಎರಡು ತೋಳಿನಲ್ಲೂ ಬಿಪಿ ನೋಡಿದಳು. ಉಪ್ಪಿನಕಾಯಿ, ಬಾಳಕ, ಹೊಗೆಸೊಪ್ಪು ಎಲ್ಲವನ್ನೂ ಕೇಳಿ ತಿಳಿದುಕೊಂಡಳು.

"ಇದು ಇವತ್ತು ಬಂದಿದ್ದಲ್ಲ ಅಮ್ಮ. ಬಹಳ ವರ್ಷದಿಂದ ಇದ್ದಿರಬೇಕು. ನಿಮ್ಮ ಮನೇಲಿ ಯಾರಿಗಾದ್ರೂ ಲಕ್ವ ಹೊಡೆದಿತ್ತಾ?"

"ನಮ್ಮವ್ವಂಗೆ."

"ಅವರಿಗೆ ಬಿಪಿ ನೋಡಿಸಿದ್ರಾ?"

"ಇಲ್ಲ ಕಣವ್ವ. ನಮ್ಮವ್ವನೂ ಜೋರು ಮಾತಾಡ್ದೋಳಲ್ಲ."

ಡಾಕ್ಟರ್ ಪೆನ್ನು ಕೆಳಗಿಟ್ಟಳು. "ಬಿಪಿ ಅಂದ್ರೆ ಕೋಪ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಅದು ಕೋಪದ ಕಾಯಿಲೆ ಅಲ್ಲ ಅಮ್ಮ. ರಕ್ತನಾಳದ ಒಳಗೆ ರಕ್ತ ಒತ್ತೋ ಜೋರು ಜಾಸ್ತಿ ಆಗಿರೋದು. ಸಾಧು ಮನುಷ್ಯರಿಗೂ ಬರುತ್ತೆ. ಎಷ್ಟೋ ಜನಕ್ಕೆ ತಲೆನೋವೂ ಇರಲ್ಲ, ಏನೂ ಇರಲ್ಲ. ಗೊತ್ತಾಗೋ ಹೊತ್ತಿಗೆ ಮೆದುಳಿಗೋ ಕಿಡ್ನಿಗೋ ಪೆಟ್ಟು ಬಿದ್ದಿರುತ್ತೆ. ನಿಮಗೆ ಈಗಲೇ ಗೊತ್ತಾಗಿದೆ, ಇಳಿಸಬಹುದು. ಮಾತ್ರೆ ದಿನಾ ತಗೋಬೇಕು. ಚೆನ್ನಾಗಿದ್ದೀನಿ ಅಂತ ಬಿಡೋ ಹಾಗಿಲ್ಲ. ಇಡೀ ದಿನಕ್ಕೆ ಸೇರಿ ಒಂದು ಸಣ್ಣ ಚಮಚ ಉಪ್ಪಿಗಿಂತ ಹೆಚ್ಚು ಹೊಟ್ಟೆಗೆ ಹೋಗಬಾರದು. ಹೊಗೆಸೊಪ್ಪು ಬಿಟ್ಟುಬಿಡಿ."

ಕೊಲ್ಲಾಪುರಮ್ಮ ತಲೆಯಾಡಿಸಿದಳು. ಆಮೇಲೆ ಡಾಕ್ಟರ್ ಗಂಗಹನುಮಯ್ಯನ ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದಳು. ಅಲ್ಲಿ ಹೆಂಡತಿಯನ್ನು ಆಚೆ ಕಳಿಸಲು ಅವನಿಗೆ ಆಗಲಿಲ್ಲ.

"ನೂರಾ ಇಪ್ಪತ್ತೆಂಟು, ಎಂಬತ್ತೆರಡು. ನೋಡಿದ್ರಾ ಅಮ್ಮ, ಮಾತ್ರೆ ಬಿಡದೆ ತಗೊಂಡ್ರೆ ಹೀಗಿರುತ್ತೆ. ನಾನು ಇಲ್ಲಿಗೆ ಬಂದು ನಾಲ್ಕು ವರ್ಷ ಆಯ್ತು. ಬಂದಾಗಿಂದ ನಿಮ್ಮ ಯಜಮಾನರದು ಹೀಗೇ ಇದೆ."

ಕೊಲ್ಲಾಪುರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. "ದಿನಾ ಜಾಸ್ತಿ ಇರ್ತೈತೆ ಅಂತಾರಲ್ಲ. ಎದುರು ಮಾತಾಡಿದ್ರೆ, ಅವ್ರಿಗೆ ಬ್ಯಾಡದ್ದೇನಾದ್ರೂ ಮಾಡಿದ್ರೆ, ನರ ಒಡೀತೈತೆ ಅಂತಾರಲ್ಲ."

ಡಾಕ್ಟರ್ ನಕ್ಕಳು. ಅದು ಗಂಡ ಹೆಂಡಿರ ತಮಾಷೆ ಎಂದು ಅವಳು ತಿಳಿದಿದ್ದಳು. "ಜಗಳ ಆದಾಗ ಯಾರಿಗಾದ್ರೂ ಒಂಚೂರು ಏರುತ್ತೆ, ಆಮೇಲೆ ತಾನೇ ಇಳಿಯುತ್ತೆ. ಇದನ್ನೇ ಇವರೂ ಒಂದು ಸಲ ನನ್ನ ಕೇಳಿದ್ರು. ನಾನು ಬಂದ ಹೊಸದರಲ್ಲಿ. ಮನೇಲಿ ಗಲಾಟೆ ಆದ್ರೆ ನಂಗೇನಾದ್ರೂ ಆಗಿಬಿಡುತ್ತಾ ಅಂತ. ಮಾತ್ರೆ ಸರಿಯಾಗಿ ತಗೊಳ್ತಾ ಇದ್ದೀರಿ, ಹೆದರಬೇಡಿ, ಏನೂ ಆಗಲ್ಲ ಅಂತ ಹೇಳಿದ್ದೆ. ಅಲ್ವಾ ಯಜಮಾನ್ರೆ?"

ಗಂಗಹನುಮಯ್ಯ ಅಂಗಿಯ ತೋಳನ್ನು ಇಳಿಸಿಕೊಳ್ಳುತ್ತಿದ್ದ. ಗುಂಡಿ ಹಾಕುವುದರಲ್ಲೇ ಇದ್ದ.

ಮಾತ್ರೆಯ ಪೊಟ್ಟಣಗಳನ್ನು ಇಸಿದುಕೊಂಡು ಇಬ್ಬರೂ ಆಚೆ ಬಂದರು. ಕಾಂಪೌಂಡಿನ ಹೊಂಗೆಮರದ ಕೆಳಗೆ ಅವನು ಬೈಕಿನ ಬೀಗದ ಕೈ ಹುಡುಕುತ್ತಿದ್ದಾಗ ಅವಳು ಕೇಳಿದಳು.

"ನಮ್ಮವ್ವ ಬಿದ್ದಾಗ ನಿಮಗೆ ಗೊತ್ತಿತ್ತಾ?"

"ಏನು?"

"ನಿಮಗೇನೂ ಆಗಲ್ಲ ಅಂತ."

"ಆ ಹುಡುಗಿಗೇನು ಗೊತ್ತು? ಡಾಕ್ಟ್ರುಗಳು ಧೈರ್ಯಕ್ಕೆ ನೂರು ಹೇಳ್ತಾರೆ. ನನ್ನ ಮೈ ನಂಗೆ ಗೊತ್ತಿಲ್ವಾ? ಹತ್ತು ಗಾಡಿ ಮ್ಯಾಲೆ."

"ಗೊತ್ತಿತ್ತಾ ಅಂತ ಕೇಳಿದ್ದು."

ಅವನ ಕೈ ಹಿಂದಲೆಗೆ ಹೋಯಿತು. ಕಣ್ಣು ಅರ್ಧ ಮುಚ್ಚಿದ. ಬೇರೆ ದಿನವಾಗಿದ್ದರೆ ಅವಳು ಓಡಿ ಹೋಗಿ ನೀರು ತರುತ್ತಿದ್ದಳು. ಆವತ್ತು ಅವಳು ನಿಂತಲ್ಲೇ ನಿಂತಳು. ಮೈಯೊಳಗೆ ಎಲ್ಲಿಂದಲೋ ಬಿಸಿಯೊಂದು ಎದ್ದು ಕಿವಿಯವರೆಗೆ ಬಂತು. ಇಷ್ಟು ವರ್ಷದಲ್ಲಿ ಇಷ್ಟು ಕೋಪ ಅವಳಿಗೆ ಬಂದದ್ದಿಲ್ಲ. ಬಂದಿದ್ದರೂ ಸಾರಿಗೆ ಒಗ್ಗರಣೆ ಹಾಕುವುದರೊಳಗೆ ಮುಗಿದು ಹೋಗುತ್ತಿತ್ತು. ಈಗ ಮಾಡಲು ಕೆಲಸವೇನೂ ಇರಲಿಲ್ಲ.

"ಹಿಡ್ಕೊ. ಚೆನ್ನಾಗಿ ಹಿಡ್ಕೊ" ಎಂದಳು.

ಮದುವೆಯಾಗಿ ಮೂವತ್ತೈದು ವರ್ಷ ಅವಳು ಗಂಡನನ್ನು ನೀವು ಎಂದೇ ಕರೆದಿದ್ದಳು. ಏಕವಚನ ಬಾಯಿಂದ ಬಂದದ್ದು ಅವಳಿಗೂ ತಿಳಿಯಿತು, ಅವನಿಗೂ ತಿಳಿಯಿತು. ಅವನು ತಲೆಯಿಂದ ಕೈ ತೆಗೆದ. ಅವಳು ಗೇಟು ದಾಟಿ ರಸ್ತೆಗೆ ಹೋಗಿ ಕೊರಟಗೆರೆ ಬಸ್ಸಿಗೆ ಕೈ ಅಡ್ಡ ಹಾಕಿದಳು. ಆಸ್ಪತ್ರೆಗೆಂದು ತಂದಿದ್ದ ಆಧಾರ್ ಕಾರ್ಡು ಕೈಚೀಲದಲ್ಲಿತ್ತು. ಅದನ್ನು ತೋರಿಸಿ ಹೆಂಗಸರ ಬಿಟ್ಟಿ ಟಿಕೆಟ್ಟಿನಲ್ಲಿ ಕೊರಟಗೆರೆಗೆ ಹೋದಳು, ಅಲ್ಲಿಂದ ಮಧುಗಿರಿಗೆ, ಮಧುಗಿರಿಯಿಂದ ಪುರವರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳ ಬಾಯಿ ತನ್ನಷ್ಟಕ್ಕೆ ಏನೋ ಅನ್ನುತ್ತಲೇ ಇತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಒಮ್ಮೆ ನೋಡಿ ಕಿಟಕಿಯ ಕಡೆಗೆ ಸರಿದಳು.

ಅಣ್ಣನ ಮನೆಯ ಮುಂದೆ ಇಳಿದಾಗ ಅವಳಿಗೆ ಸ್ವಾಗತವೇನೂ ಸಿಗಲಿಲ್ಲ. ಕದಿರಯ್ಯ ಜಗಲಿಯ ಮೇಲೆ ಹುಣಸೆಹಣ್ಣು ಜಜ್ಜುತ್ತಿದ್ದ. ತಲೆ ಎತ್ತಿ ನೋಡಿದ, ಮತ್ತೆ ಜಜ್ಜತೊಡಗಿದ.

"ಈಗ ದಾರಿ ಸಿಕ್ತಾ?" ಎಂದ.

ಅವಳು ಮೆಟ್ಟಿಲ ಮೇಲೆ ಕೂತಳು. ಅತ್ತಿಗೆ ನೀರು ತಂದುಕೊಟ್ಟು ಒಳಗೆ ಹೋದಳು.

"ಅವ್ವಂಗೆ ಬಾಯಿ ಸೊಟ್ಟಗಾಗಿ ಮಾತು ನಿಂತೋಗಿತ್ತು" ಎಂದ ಕದಿರಯ್ಯ, ಸುತ್ತಿಗೆ ನಿಲ್ಲಿಸದೆ. "ಕೊಲ್ಲೂ, ಕೊಲ್ಲೂ ಅಂತ ಅದೊಂದೇ ಬರ್ತಿತ್ತು. ಬಂದೋರೆಲ್ಲ ಕೊಲ್ಲಾಪುರಮ್ಮ ದೇವ್ರ ಹೆಸರು ಹೇಳ್ತಾವ್ಳೆ ಅಂದ್ಕಂಡ್ರು. ನಂಗೆ ಗೊತ್ತಿತ್ತು ನಿನ್ನ ಕರೀತಾವ್ಳೆ ಅಂತ. ಬಾಗಿಲು ಸದ್ದಾದ್ರೆ ಆ ಕಡೆ ತಿರುಗೋಳು. ಮಣ್ಣು ಹಾಕಕ್ಕೂ ಬರ್ಲಿಲ್ವಲ್ಲ ನೀನು. ನಿನ್ನ ಏನು ಹಗ್ಗದಾಗೆ ಕಟ್ಟಿದ್ರಾ?"

"ಅವ್ರ ಬಿಪಿ ಏರ್ತೈತೆ ಅಂದ್ರು ಅಣ್ಣ."

"ಏರ್ಲಿ. ಏರಿ ಏನಾಗ್ತಿತ್ತು?"

"ಏನೂ ಆಗ್ತಿರ್ಲಿಲ್ಲ" ಎಂದಳು ಅವಳು. "ಅದು ಅವ್ರಿಗೂ ಗೊತ್ತಿತ್ತಂತೆ."

ಕದಿರಯ್ಯನ ಸುತ್ತಿಗೆ ನಿಂತಿತು. ಅವಳು ಆವತ್ತು ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಹೇಳುವಾಗ ಅಳು ಬರುತ್ತದೆಂದುಕೊಂಡಿದ್ದಳು, ಬರಲಿಲ್ಲ. ಗಂಟಲು ಗಟ್ಟಿಯಾಗಿಯೇ ಇತ್ತು. ಎಲ್ಲ ಕೇಳಿದ ಮೇಲೂ ಕದಿರಯ್ಯ ಕರಗಲಿಲ್ಲ. "ಅವನು ಸುಳ್ಳು ಹೇಳ್ದ ಸರಿ. ನಿಜವಾಗ್ಲೂ ಏರ್ತಿತ್ತು ಅಂತ್ಲೇ ಇಟ್ಕೊ. ಆಗ್ಲೂ ನೀನು ಬರ್ಬೇಕಿತ್ತು ಕಣೆ" ಎಂದ. ಗಂಡನ ಮೇಲಿನ ಕೋಪದಲ್ಲಿ ಒಂದು ಪಾಲು ತನ್ನ ಮೇಲೂ ಇದೆ ಅನ್ನುವುದು ಅವಳಿಗೆ ಆಗ ಗೊತ್ತಾಯಿತು. ಅದು ಕಹಿಯಾಗಿತ್ತು. ಆದರೂ ಅಣ್ಣ ಬೈದದ್ದು ಸರಿ ಅನ್ನಿಸಿತು. ಆ ಮನೆಯಲ್ಲೇ ಉಳಿದಳು.

ಮಾತ್ರೆಯನ್ನು ಅವಳು ಒಂದು ದಿನವೂ ಬಿಡಲಿಲ್ಲ. ಬೆಳಿಗ್ಗೆ ರಾಗಿ ಅಂಬಲಿ ಕುಡಿದು ಮಾತ್ರೆ ಹಾಕಿಕೊಂಡು ಕೆರೆ ಏರಿಯ ಮೇಲೆ ನಡೆದು ಬರುತ್ತಿದ್ದಳು. ಅತ್ತಿಗೆಗೆ ಹೇಳಿ ಸಾರಿಗೆ ಉಪ್ಪು ಕಮ್ಮಿ ಮಾಡಿಸಿ, ಹುಳಿಯನ್ನೂ ಕೊತ್ತಂಬರಿಯನ್ನೂ ಜಾಸ್ತಿ ಮಾಡಿಸಿದಳು. ಹೊಗೆಸೊಪ್ಪು ಬಿಡುವುದು ಮಾತ್ರ ಕಷ್ಟವಾಯಿತು. ಎರಡು ದಿನ ಸಿಡಿಮಿಡಿಗೊಂಡು ಹಸುವಿಗೂ ಬೈದಳು. ಅವಳು ಬೈಯುವುದನ್ನು ಕೇಳಿ ಕದಿರಯ್ಯ ಮೊದಲ ಸಲ ನಕ್ಕ. ಅಲ್ಲಿನ ಆಸ್ಪತ್ರೆಯಲ್ಲಿ ತೋರಿಸಿದಾಗ ಬಿಪಿ ನೂರಾ ಅರವತ್ತಕ್ಕೆ ಬಂದಿತ್ತು. ಇನ್ನೂ ಇಳಿಯಬೇಕು ಎಂದು ಮಾತ್ರೆ ಬದಲಿಸಿ ಕೊಟ್ಟರು. ಹಿಂದಲೆಯ ನೋವು ಹೋಗಿತ್ತು. ನೋವಿಲ್ಲದ ತಲೆಯಲ್ಲಿ ಯೋಚನೆ ಇನ್ನೂ ಸ್ಪಷ್ಟವಾಗಿ ಬರುತ್ತಿತ್ತು. ಅವ್ವ ಸತ್ತ ಮೇಲೂ ಮೂರು ವರ್ಷ ಅವನು ದಿನಾ ಬೆಳಿಗ್ಗೆ ಅವಳ ಕೈಯಲ್ಲೇ ಪಟ್ಟಿ ಕಟ್ಟಿಸಿಕೊಂಡು ಅವಳನ್ನೇ ಆಚೆ ಕಳಿಸಿದ್ದ.

ಮನೆಯಿಂದ ಪ್ರಸನ್ನ ದಿನಾ ಫೋನು ಮಾಡುತ್ತಿದ್ದ. ಅಪ್ಪ ಊಟ ಬಿಟ್ಟಿದ್ದಾರೆ, ಅಪ್ಪಂಗೆ ತಲೆ ಸುತ್ತುತ್ತೆ, ಅಪ್ಪನ ಬಿಪಿ ಏರಿದೆ. ಅವಳು ಕೇಳಿಸಿಕೊಂಡು, "ಮಾತ್ರೆ ತಗಳಾಕೆ ಹೇಳು" ಎಂದಷ್ಟೇ ಹೇಳಿ ಇಡುತ್ತಿದ್ದಳು. ಕೊನೆಗೆ ಒಂದು ಭಾನುವಾರ ಅಪ್ಪ ಮಗ ಇಬ್ಬರೂ ಬೈಕಿನಲ್ಲಿ ಬಂದರು. ಲಗ್ನಪತ್ರಿಕೆಯ ಜಗಳದ ನಂತರ ಗಂಗಹನುಮಯ್ಯ ಆ ಅಂಗಳಕ್ಕೆ ಕಾಲಿಟ್ಟದ್ದು ಆವತ್ತೇ. ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, ಬೀದಿಯವರಿಗೂ ಕೇಳುವ ಹಾಗೆ ಶುರು ಮಾಡಿದ.

"ಯಾರು ಹೇಳಿಕೊಟ್ರೇ ನಿಂಗೆ ಇದನ್ನ? ಗಂಡನ್ನ ರೋಡಲ್ಲಿ ಬಿಟ್ಟು ಬಸ್ಸು ಹತ್ತಕ್ಕೆ? ಊರೋರೆಲ್ಲ ಕೇಳ್ತಾವ್ರೆ ನನ್ನ."

ಪ್ರಸನ್ನ ಕೈಚೀಲದಿಂದ ಮಿಶಿನ್ ತೆಗೆದ. ಅಪ್ಪನನ್ನು ಕಟ್ಟೆಯ ಮೇಲೆ ಕೂರಿಸಿ ಪಟ್ಟಿ ಕಟ್ಟಿದ. ಮಿಶಿನ್ ಗುಯ್ಯೆಂದು ನಿಂತ ಮೇಲೆ ಅದನ್ನು ಅಮ್ಮನ ಮುಖದ ಮುಂದೆ ಹಿಡಿದ. "ನೋಡಮ್ಮ. ನೂರಾ ಅರವತ್ತೈದು ಆಗೈತೆ. ನಿನ್ನಿಂದ್ಲೇ ಅಮ್ಮ ಇದು. ಸಾಕು, ಬಾ ಮನೆಗೆ."

ಅತ್ತಿಗೆ ಗಾಬರಿಯಾಗಿ ನೀರಿಗೆ ಓಡಿದಳು. ಕದಿರಯ್ಯನೂ ಒಂದು ಹೆಜ್ಜೆ ಮುಂದೆ ಬಂದ. ಕೊಲ್ಲಾಪುರಮ್ಮ ಮಾತ್ರ ಜಗಲಿಯಿಂದ ಇಳಿದು ಗಂಡನ ಎದುರಿಗೆ ಬಂದು ನಿಂತಳು.

"ಬೈಕ್ ಇಳಿದು ಕೂಗಾಡಿದ ಕೂಡ್ಲೇ ನೋಡಿದ್ರೆ ಜಾಸ್ತೀನೇ ಇರ್ತೈತೆ. ಐದು ನಿಮಿಷ ಬಾಯಿ ಮುಚ್ಕಂಡು ಕೂತ್ರೆ ಇಳೀತೈತೆ. ನೀನು ಬಾಯಿ ಮುಚ್ಕೊ. ನಾನು ಮಾತಾಡ್ತೀನಿ."

"ಅಮ್ಮ, ಅಪ್ಪಂಗೆ…"

"ನಿಂಗೂ ಐತೆ, ನಿಂತ್ಕೊಂಡು ಕೇಳು." ಅವಳು ಮಗನ ಕಡೆ ನೋಡಲಿಲ್ಲ. "ನಮ್ಮವ್ವ ಕೊಲ್ಲೂ ಕೊಲ್ಲೂ ಅಂತ ಕರ್ಕಂಡು ಕರ್ಕಂಡು ಸತ್ಲು. ನೀನು ಮಂಚದ ಮ್ಯಾಲೆ ಮಲ್ಗಿ ನಂಗೆ ಕಾಲು ಒತ್ತಕ್ಕೆ ಹೇಳಿದ್ದೆ. ನಾನು ಒತ್ತುತಾ ಕೂತಿದ್ದೆ. ನೀನು ಒಳಗೊಳಗೆ ಏನಂದ್ಕಂತಿದ್ದೆ ಆವಾಗ? ನಂಗೇನೂ ಆಗಲ್ಲ, ಇವಳಿಗೆ ಗೊತ್ತಿಲ್ಲ ಅಂತ್ಲಾ? ಒಂದು ಕಾಗದದಾಗೆ ನಿನ್ನ ಹೆಸ್ರು ಒಂದು ಸಾಲು ಕೆಳಗೆ ಬಂತು ಅಂತ ನಮ್ಮವ್ವನ ಮುಖ ನೋಡ್ದಂಗೆ ಮಾಡ್ಬುಟ್ಯಲ್ಲ."

"ಅಚ್ಚಿನವನ ತಪ್ಪು ಅಂತ ಆಗ್ಲೇ ಕೈ ಮುಗಿದಿದ್ದೆ" ಎಂದ ಕದಿರಯ್ಯ ಹಿಂದಿನಿಂದ.

"ನೀನು ಸುಮ್ಕಿರಣ್ಣ. ಇದು ನನ್ನ ಮಾತು." ಅವಳ ದನಿ ಬೀದಿಯ ಆಚೆಗೂ ಹೋಗುತ್ತಿತ್ತು. ಎದುರು ಮನೆಯ ಬಾಗಿಲಲ್ಲಿ ಇಬ್ಬರು ಬಂದು ನಿಂತಿದ್ದರು. ನಿಲ್ಲಲಿ ಅನ್ನಿಸಿತು ಅವಳಿಗೆ. "ಆರು ವರ್ಷ ನಿಂಗೆ ಬ್ಯಾರೆ ಸಾರು, ನಿಂಗೆ ಬ್ಯಾರೆ ಪಲ್ಯ. ಉಪ್ಪೆಲ್ಲ ನನ್ನ ತಟ್ಟೇಗೆ ಬಂತು. ದಿನಾ ಬೆಳಿಗ್ಗೆ ಆ ಪಟ್ಟಿ ಕಟ್ಟಿದ ಕೈ ಇದು. ಲೇ ಪ್ರಸನ್ನ, ಮಿಶಿನ್ ತಂದೋನು ನೀನು. ಒಂದಿನ, ಒಂದೇ ದಿನ, ಅಮ್ಮ ನಿನ್ನ ತೋಳು ಕೊಡು ಅಂದ್ಯಾ?"

ಪ್ರಸನ್ನನ ಮುಖ ಕೆಂಪಾಯಿತು. ಅಪ್ಪನ ತೋಳಿನಿಂದ ಪಟ್ಟಿ ಬಿಚ್ಚಿ ಅವಳ ಹತ್ತಿರ ಬಂದ. "ಕೊಡಮ್ಮ. ಈಗ ನೋಡ್ತೀನಿ."

"ಈಗ ಬ್ಯಾಡ. ಈಗ ಕೋಪದಾಗೆ ಇದೀನಿ, ಕೋಪದಾಗೆ ನೋಡಬಾರ್ದು. ಮಾತು ಮುಗೀಲಿ."

ಗಂಗಹನುಮಯ್ಯ ಬಾಯಿ ತೆರೆದ. "ನಾನು ಸಾಯ್ಲಿ ಅಂತೀಯೇನೇ?"

"ಯಾಕೆ ಸಾಯ್ತೀಯ? ಮಾತ್ರೆ ತಗಂತಾ ಇದೀಯಲ್ಲ. ತಗಾ, ಚೆನ್ನಾಗಿ ಬದುಕು. ನಾನು ನಿನ್ನ ಸಾಯ್ಲಿ ಅಂತ ಯಾವತ್ತೂ ಅಂದ್ಕಂಡಿಲ್ಲ. ಸತ್ತೋಗ್ತೀಯ ಅಂತ ಹೆದ್ರಿಕೊಂಡೇ ಬದುಕ್ದೆ. ಆ ಹೆದ್ರಿಕೆ ಇನ್ನಿಲ್ಲ. ಅದನ್ನ ಹೇಳಕ್ಕೇ ನಿನ್ನ ಮುಂದೆ ನಿಂತಿರೋದು."

ಅವನ ಕೈ ಮತ್ತೆ ಹಿಂದಲೆಗೆ ಹೊರಟಿತ್ತು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಅದು ಅರ್ಧಕ್ಕೆ ನಿಂತು ಮಂಡಿಯ ಮೇಲೆ ಬಂದು ಕೂತಿತು. ಅತ್ತಿಗೆ ತಂದ ನೀರನ್ನು ಅವನು ಕುಡಿದ. ಲೋಟ ಕೆಳಗಿಟ್ಟು, "ಆಯ್ತಾ? ಇನ್ನೇನೈತೆ?" ಎಂದ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ಕ್ಷಮೆಯೂ ಇರಲಿಲ್ಲ.

"ಕಣ್ಣು ಮಾಡಿಸ್ಕಂಡು ಬತ್ತೀನಿ. ಅಲ್ಲೀಗಂಟ ನನ್ನ ಕರೀಬ್ಯಾಡಿ."

ಮುಂದಿನ ಕ್ಯಾಂಪಿನ ಹೊತ್ತಿಗೆ ಅವಳ ಬಿಪಿ ನೂರಾ ಮೂವತ್ತಾರಕ್ಕೆ ಇಳಿದಿತ್ತು. ಸ್ಪಂದನಾ ರಜೆ ಹಾಕಿಸಿ ಗಂಡನನ್ನೂ ಎಳೆದುಕೊಂಡು ಬಂದಳು. ಪ್ರಸನ್ನ ಆಪರೇಷನ್ ಮುಗಿಯುವವರೆಗೂ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಕೊಲ್ಲಾಪುರಮ್ಮ ತನ್ನ ಮನೆಗೆ ಹೋದಳು. ಅವಳು ಸಾಕಿದ ಎಮ್ಮೆ ಅಲ್ಲಿತ್ತು, ಸೊಸೆ ಅಲ್ಲಿದ್ದಳು, ಮೂವತ್ತೈದು ವರ್ಷ ಸಾರಿಸಿದ ನೆಲ ಅಲ್ಲಿತ್ತು. ಅವನ ದೆಸೆಯಿಂದ ಅದನ್ನೆಲ್ಲ ಬಿಟ್ಟುಕೊಡುವುದು ಅವಳಿಗೆ ಬೇಕಿರಲಿಲ್ಲ.

ಮನೆಯಲ್ಲಿ ಈಗ ಒಂದೇ ಪಾತ್ರೆ ಸಾರು, ಎಲ್ಲರಿಗೂ ಉಪ್ಪು ಕಮ್ಮಿ. ಊಟಕ್ಕೆ ನಾಲ್ಕು ತಟ್ಟೆ ಒಟ್ಟಿಗೆ ಇಡುತ್ತಾರೆ. ಬೆಳಿಗ್ಗೆ ಪ್ರಸನ್ನ ಇಬ್ಬರಿಗೂ ಪಟ್ಟಿ ಕಟ್ಟಿ, ಬಂದದ್ದನ್ನು ಜೋರಾಗಿ ಓದುತ್ತಾನೆ. ಗಂಗಹನುಮಯ್ಯ ಬದಲಾದ ಎನ್ನುವ ಹಾಗಿಲ್ಲ. ಒಂದೆರಡು ಸಲ ಹಳೆಯ ಹಾಗೆ ತಲೆ ಹಿಡಿದು ಮಲಗಿ ನೋಡಿದ. ಸ್ಪಂದನಾ ಮಿಶಿನ್ ತಂದಳು, ಅವನು ಎದ್ದು ಕೂತ. ಒಂದು ದಿನ ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಹೆಂಡತಿಯ ಪಕ್ಕ ಬಂದು ನಿಂತು, "ಇನ್ನೂ ಕೋಪ ಐತಾ?" ಎಂದು ಕೇಳಿದ.

"ಐತೆ."

"ಎಷ್ಟು ದಿನ?"

"ಗೊತ್ತಿಲ್ಲ. ಬಿಪಿ ಇಳೀತು, ಇದು ಇಳೀತಿಲ್ಲ."

ಅವನು ಉಳಿದ ಹುಲ್ಲನ್ನು ಎತ್ತಿ ಗೊಂತಿಗೆ ಹಾಕಿ ಹೊರಟುಹೋದ.

ಹಿರಿಯರ ಹಬ್ಬಕ್ಕೆ ಅವಳು ಪುರವರಕ್ಕೆ ಹೋದಳು. ಹೋಗಲೇ ಎಂದು ಕೇಳಲಿಲ್ಲ. ಅಣ್ಣನ ಮನೆಯಲ್ಲಿ ಅವ್ವನ ಹೆಸರಿನಲ್ಲಿ ಎಡೆ ಇಟ್ಟಿದ್ದರು. ಗೋಡೆಗೆ ಒರಗಿಸಿದ್ದ ಪಟ, ಚುನಾವಣೆ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಪೊರೆ ಹೋದ ಕಣ್ಣಿಗೆ ಅವ್ವನ ಕೆನ್ನೆಯ ಸುಕ್ಕು ಒಂದೊಂದೂ ಕಾಣಿಸಿತು, ಮೂಗುತಿಯ ಪಕ್ಕದ ಮಚ್ಚೆಯೂ ಕಾಣಿಸಿತು. ನೋಡುತ್ತಾ ಕೂತವಳಿಗೆ ಕೋಪ ಮತ್ತೆ ಬಂತು. ಅದರ ಹಿಂದೆಯೇ ಅಳುವೂ ಬಂತು. ಅವಳು ಗಟ್ಟಿಯಾಗಿಯೇ ಅತ್ತಳು. ಕದಿರಯ್ಯ ಪಕ್ಕದಲ್ಲಿ ಕೂತ, ಸುಮ್ಮನಿರು ಎಂದು ಹೇಳಲಿಲ್ಲ.

ಸಂಜೆಯ ಬಸ್ಸಿಗೆ ಹೊರಡಬೇಕಾಗಿತ್ತು. ಅವಳು ಅತ್ತಿಗೆಯ ಫೋನು ಇಸಿದುಕೊಂಡು ಮನೆಗೆ ಮಾಡಿದಳು. ಗಂಗಹನುಮಯ್ಯ ಎತ್ತಿದ.

"ನಾಳೆ ಬತ್ತೀನಿ" ಎಂದಳು.

ಆಚೆ ಕಡೆಯಿಂದ ಅವನು ಏನೇನೋ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಮಾತ್ರೆ ಗೂಡಲ್ಲೈತೆ. ನಾಳೆ ಬತ್ತೀನಿ" ಎಂದು ಹೇಳಿ ಫೋನಿಟ್ಟಳು.